ಒಂದೇ ಮೀಟರ್, ಎಂಟು ಒಲೆ: ಐರೋಲಿಯ ಬಾಡಿಗೆ ಖೋಲಿಗಳ ಲೈಟ್ ಬಿಲ್ ಲೆಕ್ಕ

ಐರೋಲಿ: ತಿಂಗಳ ಮೊದಲ ವಾರ ಬಂತೆಂದರೆ ಐರೋಲಿ ಗಾಂವ್‌ನ ಓಣಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಕೈಯಲ್ಲೊಂದು ನೋಟ್‌ಬುಕ್, ಕಿವಿಯ ಮೇಲೊಂದು ಪೆನ್ನು, ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಮಾಲಕನ ಮಗನೋ ತಮ್ಮನೋ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸಾಲಾಗಿ ಕುಳಿತ ಪುಟ್ಟ ಪುಟ್ಟ ಸಬ್ ಮೀಟರ್‌ಗಳ ಅಂಕಿ ಬರೆದುಕೊಳ್ಳುತ್ತಾನೆ. ಅರ್ಧ ಗಂಟೆಯಲ್ಲಿ ಪ್ರತಿ ಖೋಲಿಯ ಬಾಗಿಲಿಗೂ ಒಂದು ಚೀಟಿ ಬರುತ್ತದೆ. ಚೀಟಿಯಲ್ಲಿ ಇರುವುದು ಮೂರೇ ಅಂಕಿ. ಯೂನಿಟ್ ಎಷ್ಟು, ದರ ಎಷ್ಟು, ಮೊತ್ತ ಎಷ್ಟು. ಮಹಾವಿತರಣ್‌ನ ಹೆಸರಿಲ್ಲ, ಗ್ರಾಹಕ ಸಂಖ್ಯೆ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಸಂಜೆಯೊಳಗೆ ಕೊಟ್ಟರಾಯಿತು.

ಕುಂದಾಪುರ ಕಡೆಯಿಂದ ಬಂದು ಇಂಥದೊಂದು ಖೋಲಿಯಲ್ಲಿ ನೆಲೆಸಿರುವ ಕುಟುಂಬವೊಂದಕ್ಕೆ 2024ರಲ್ಲಿ ಬಂದ ಚೀಟಿಯಲ್ಲಿ 90 ಯೂನಿಟ್, ಯೂನಿಟ್‌ಗೆ 16 ರೂಪಾಯಿ, ಒಟ್ಟು 1,440 ರೂಪಾಯಿ ಎಂದಿತ್ತು. ಮನೆಯ ಯಜಮಾನರು ಥಾಣೆಯ ಹೊಟೇಲೊಂದರಲ್ಲಿ ಕ್ಯಾಪ್ಟನ್. ಮನೆಯಾಕೆ ಬ್ಲೌಸ್ ಹೊಲಿದು ನಾಲ್ಕು ಕಾಸು ಕೂಡಿಸುವವರು. ಮಗಳು ಹತ್ತನೇ ತರಗತಿ. ಮನೆಯಲ್ಲಿ ಎ.ಸಿ. ಇಲ್ಲ, ಗೀಸರ್ ಇಲ್ಲ. ಎರಡು ಫ್ಯಾನ್, ಒಂದು ಚಿಕ್ಕ ಫ್ರಿಜ್, ಟಿ.ವಿ., ಹೊಲಿಗೆ ಯಂತ್ರದ ಮೋಟಾರು, ಅಷ್ಟೆ. ಅದೇ ತಿಂಗಳು ಸೆಕ್ಟರಿನ ಸೊಸಾಯಿಟಿಯಲ್ಲಿ ಸ್ವಂತ ಮೀಟರ್ ಇರುವ ಅವರ ಊರಿನವರ ಮನೆಗೆ ಹೆಚ್ಚುಕಡಿಮೆ ಅಷ್ಟೇ ಯೂನಿಟ್‌ಗೆ ಬಂದ ಬಿಲ್ಲು ಇದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

"ದಾದಾ, ಮಹಾವಿತರಣ್‌ನ ಬಿಲ್ಲು ಒಮ್ಮೆ ತೋರಿಸ್ತೀರಾ?" ಎಂದು ಕೇಳಿದ್ದಕ್ಕೆ ಮಾಲಕರಿಗೆ ಸಿಟ್ಟು ಬಂತು. ತಾನೇನು ಕಳ್ಳನೇ ಎಂಬ ಮಾತು ಬಂತು. ಬೇಡವಾದರೆ ಖೋಲಿ ಖಾಲಿ ಮಾಡಿ ಎಂಬ ಮಾತೂ ಬಂತು. ಮಗಳ ಪರೀಕ್ಷೆ ಎದುರಿಗಿರುವಾಗ ಯಾವ ತಾಯಿತಂದೆ ಮುಂದೆ ಮಾತಾಡುತ್ತಾರೆ? ಸುಮ್ಮನಾದರು.

ಐರೋಲಿ, ದಿವಾ, ರಬಾಳೆ, ಗೋಠಿವಲಿ, ಘಣಸೋಲಿಯ ಗಾಂವ್‌ಠಾಣ್‌ಗಳಲ್ಲಿ, ಎಂಐಡಿಸಿ ಪಟ್ಟಿಯ ಯಾದವ್ ನಗರ, ಚಿಂಚ್‌ಪಾಡಾ, ದಿಘೆ ಕಡೆಯ ವಸತಿಗಳಲ್ಲಿ ಬಾಡಿಗೆಗಿರುವ ನಮ್ಮವರು ಕಡಿಮೆಯೇನಲ್ಲ. ಹೊಟೇಲು ಕಾರ್ಮಿಕರು, ಐಟಿ ಪಾರ್ಕುಗಳ ಕ್ಯಾಂಟೀನಿನಲ್ಲಿ ದುಡಿಯುವವರು, ಕಲಬುರಗಿ-ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಇವರ ನಡುವೆ ಲೈಟ್ ಬಿಲ್ಲಿನ ಮಾತು ಎದ್ದಾಗಲೆಲ್ಲ ಕೇಳಿಬರುವುದು ಒಂದೇ ತೀರ್ಮಾನ: ಮಾಲಕ ಹೊಡೆಯುತ್ತಾನೆ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ಕುಂದಾಪುರದ ಆ ಕುಟುಂಬದ ಮಟ್ಟಿಗೆ ಲೆಕ್ಕ ಹಾಕಿ ನೋಡಿದರೆ ಹೊರಬರುವ ಸಂಗತಿಯೇ ಬೇರೆ. ಅಲ್ಲಿ ಮಾಲಕನಿಗೆ ದಕ್ಕಿದ್ದು ಏನೂ ಇಲ್ಲ. ಇನ್ನೂ ಹೇಳಬೇಕೆಂದರೆ ಆತನ ಕೈಯಿಂದಲೇ ನೂರಿನ್ನೂರು ಹೋಗಿರಬೇಕು.

ಮೆಟ್ಟಿಲಿನ ಲೆಕ್ಕ

ಮಹಾರಾಷ್ಟ್ರದಲ್ಲಿ ಮನೆಬಳಕೆಯ ವಿದ್ಯುತ್ತಿಗೆ ಒಂದೇ ದರ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ದರ. ತಿಂಗಳ ಮೊದಲ 100 ಯೂನಿಟ್‌ಗೆ ಒಂದು, 101ರಿಂದ 300ರ ವರೆಗೆ ಇನ್ನೊಂದು, 301ರಿಂದ 500ರ ವರೆಗೆ ಮತ್ತೊಂದು, ಅದರಾಚೆಗೆ ಎಲ್ಲಕ್ಕಿಂತ ದುಬಾರಿಯದು. ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಮಹಾವಿತರಣ್‌ಗೆ ನಿಗದಿಪಡಿಸಿದ್ದ 2024-25ರ ಪಟ್ಟಿಯ ಪ್ರಕಾರ ಈ ನಾಲ್ಕು ಮೆಟ್ಟಿಲುಗಳ ದರ ಕ್ರಮವಾಗಿ 4.71, 10.29, 14.55 ಮತ್ತು 16.64 ರೂಪಾಯಿ. ಇದರ ಮೇಲೆ ಪ್ರತಿ ಯೂನಿಟ್‌ಗೆ 1.17 ರೂಪಾಯಿ ವಹನ ಶುಲ್ಕ. ಆ ಬಳಿಕ ದರಗಳು ಪರಿಷ್ಕರಣೆಗೊಂಡಿವೆ, ಆದರೆ ಮೊದಲ ನೂರಕ್ಕೆ ಅಗ್ಗ, ಮೇಲೇರಿದಂತೆ ದುಬಾರಿ ಎಂಬ ಏರ್ಪಾಡು ಬದಲಾಗಿಲ್ಲ. ಕಡಿಮೆ ಉರಿಸುವ ಬಡವನಿಗೆ ಕಡಿಮೆ ದರ, ನಾಲ್ಕು ಎ.ಸಿ. ಇರುವವನಿಗೆ ಹೆಚ್ಚು ದರ ಎಂಬುದು ಇದರ ಹಿಂದಿನ ಆಶಯ. ಆಶಯ ಒಳ್ಳೆಯದೇ. ಆದರೆ ಮೀಟರಿಗೆ ಯೂನಿಟ್ ಎಣಿಸಲು ಗೊತ್ತೇ ಹೊರತು ಮನೆ ಎಣಿಸಲು ಗೊತ್ತಿಲ್ಲ.

ಈಗ ಕುಂದಾಪುರದ ಕುಟುಂಬವಿರುವ ಕಟ್ಟಡಕ್ಕೆ ಬರೋಣ. ಎಂಟು ಖೋಲಿ, ಒಂದೇ ಮುಖ್ಯ ಮೀಟರ್. ಲೆಕ್ಕ ಸುಲಭವಾಗಲೆಂದು ಪ್ರತಿ ಖೋಲಿಯೂ 90 ಯೂನಿಟ್ ಬಳಸಿತೆಂದು ಇಟ್ಟುಕೊಂಡರೆ ಮುಖ್ಯ ಮೀಟರಿನಲ್ಲಿ 720 ಯೂನಿಟ್ ಓಡುತ್ತದೆ. ಮಹಾವಿತರಣ್‌ನ ಕಣ್ಣಿಗೆ ಅದು ಎಂಟು ಬಡ ಸಂಸಾರವಲ್ಲ, 720 ಯೂನಿಟ್ ಉರಿಸುವ ಒಬ್ಬ ಭಾರೀ ಕುಳ. ವಹನ ಶುಲ್ಕವನ್ನೂ ಸೇರಿಸಿಕೊಂಡರೆ ಮೊದಲ ನೂರು ಯೂನಿಟ್‌ಗೆ 588 ರೂಪಾಯಿ, ಮುಂದಿನ 200ಕ್ಕೆ 2,292, ಅದರ ಮುಂದಿನ 200ಕ್ಕೆ 3,144, ಉಳಿದ 220 ಯೂನಿಟ್‌ಗೆ 3,918 ರೂಪಾಯಿ 20 ಪೈಸೆ. ಒಟ್ಟು 9,942 ರೂಪಾಯಿ 20 ಪೈಸೆ. ಇದೇ ಎಂಟು ಖೋಲಿಗಳಿಗೆ ಎಂಟು ಮೀಟರ್ ಇದ್ದಿದ್ದರೆ? ಪ್ರತಿಯೊಂದೂ ನೂರರ ಒಳಗೇ ಇರುವುದರಿಂದ ಎಲ್ಲರದೂ ಮೊದಲ ಮೆಟ್ಟಿಲಿನ ದರ. ಒಂದು ಖೋಲಿಗೆ 529 ರೂಪಾಯಿ 20 ಪೈಸೆಯಂತೆ ಎಂಟಕ್ಕೆ 4,233 ರೂಪಾಯಿ 60 ಪೈಸೆ. ವ್ಯತ್ಯಾಸ 5,700 ರೂಪಾಯಿಗೂ ಮೇಲೆ.

ಎಂಟು ಮೀಟರಿಗೆ ಎಂಟು ಸ್ಥಿರ ಶುಲ್ಕ ಬೀಳುತ್ತದಲ್ಲ ಎಂದು ಕೇಳುವವರಿದ್ದಾರೆ. ಬೀಳುತ್ತದೆ. ಆಗ ಅದು ತಿಂಗಳಿಗೆ ನೂರ ಮೂವತ್ತರ ಆಸುಪಾಸು ಇತ್ತು. ಹೆಚ್ಚಿನ ಏಳು ಮೀಟರಿಗೆ ಸುಮಾರು ಒಂಬೈನೂರು ಕಳೆದರೂ ತಿಂಗಳಿಗೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ವರ್ಷಕ್ಕೆ ಐವತ್ತು ಸಾವಿರ ದಾಟಿತು. ಮನೆಬಳಕೆಯ ಬಿಲ್ಲಿನ ಮೇಲಿನ ಶೇ. 16 ವಿದ್ಯುತ್ ಸುಂಕವನ್ನು ಇನ್ನೂ ಸೇರಿಸಿಲ್ಲ, ಇಂಧನ ಹೊಂದಾಣಿಕೆ ಶುಲ್ಕವನ್ನೂ ಸೇರಿಸಿಲ್ಲ.

ಸುಂಕ, ಸ್ಥಿರ ಶುಲ್ಕ ಎಲ್ಲ ಸೇರಿದರೆ ಆ 720 ಯೂನಿಟ್‌ನ ಬಿಲ್ಲು ಮಾಲಕನ ಕೈಗೆ ಬರುವಾಗ ಸುಮಾರು 11,700 ರೂಪಾಯಿ. ಆತ ಬಾಡಿಗೆದಾರರಿಂದ 16ರ ದರದಲ್ಲಿ ಎತ್ತಿದ್ದು 11,520. ಅಂದರೆ ಆತ ಕಳ್ಳನಲ್ಲ. ಬಾಡಿಗೆದಾರರು ಮಾತ್ರ ಸ್ವಂತ ಮೀಟರಿದ್ದಿದ್ದರೆ ಸುಮಾರು 765 ರೂಪಾಯಿ ಕೊಡಬೇಕಾದಲ್ಲಿ 1,440 ಕೊಟ್ಟರು. ಮಾಲಕನಿಗೂ ಸಿಗದೆ, ಬಾಡಿಗೆದಾರನಿಗೂ ಉಳಿಯದೆ ಹಣ ಮೆಟ್ಟಿಲೇರಿ ಹೋಯಿತು.

ಇನ್ನೊಂದು ಓಣಿಯಲ್ಲಿ ನಾಲ್ಕೇ ಖೋಲಿಯ ಚಾಳ್ ಇದೆ ಎಂದುಕೊಳ್ಳಿ. ಅಲ್ಲಿಯೂ ತಲಾ 90 ಯೂನಿಟ್, ಅಲ್ಲಿಯೂ 16 ರೂಪಾಯಿ ದರ. ಮುಖ್ಯ ಮೀಟರಿನಲ್ಲಿ 360 ಯೂನಿಟ್, ಎಲ್ಲ ಸೇರಿ ಬಿಲ್ಲು 4,600 ರೂಪಾಯಿಯಷ್ಟು. ಮಾಲಕ ಎತ್ತುವುದು 5,760. ಇಲ್ಲಿ ತಿಂಗಳಿಗೆ ಸಾವಿರದ ನೂರಕ್ಕೂ ಹೆಚ್ಚು ಆತನ ಜೇಬಿಗೆ. ದರ ಒಂದೇ, ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ! ಆದ್ದರಿಂದ 'ನಮ್ಮಲ್ಲಿ ಹದಿನಾರು, ನಿಮ್ಮಲ್ಲಿ ಎಷ್ಟು?' ಎಂದು ಪರಸ್ಪರ ವಿಚಾರಿಸಿಕೊಳ್ಳುವುದರಿಂದ ಏನೂ ತಿಳಿಯದು. ಮುಖ್ಯ ಮೀಟರಿನ ಬಿಲ್ಲು ಕಣ್ಣಾರೆ ಕಾಣದೆ ನ್ಯಾಯ ಅನ್ಯಾಯ ಹೇಳುವಂತಿಲ್ಲ.

ಊರಿನಿಂದ ಬಂದ ನೆಂಟರಿಗೆ ಈ ಲೆಕ್ಕ ಅರ್ಥವಾಗುವುದು ಕಷ್ಟ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಯೂನಿಟ್‌ಗೆ 5.90 ರೂಪಾಯಿಯ ಒಂದೇ ದರ ಜಾರಿಗೆ ಬಂತು, ಮೆಟ್ಟಿಲು ಹೋಯಿತು. ಹಾಗೆಂದು ಅಲ್ಲಿಯೂ ಮೀಟರಿನ ಮಹತ್ವ ಕಡಿಮೆಯಾಗಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಅದು ಸಿಗುವಂತಾಯಿತಾದರೂ ಲೆಕ್ಕ ಹಿಡಿದದ್ದು ಮೀಟರಿನಿಂದಲೇ.

ಖೋಲಿಗಳು ಹುಟ್ಟಿದ ಬಗೆ

ಇಂಥ ಕಟ್ಟಡಗಳಿಗೆ ಒಂದೇ ಮೀಟರ್ ಏಕೆ ಎಂಬುದಕ್ಕೆ ಐರೋಲಿಯ ಚರಿತ್ರೆಯಲ್ಲೇ ಉತ್ತರವಿದೆ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಹೊಸ ನಗರಕ್ಕೆಂದು 95 ಹಳ್ಳಿಗಳ ಜಮೀನು ಸ್ವಾಧೀನದ ಪಟ್ಟಿಗೆ ಸೇರಿದಾಗ ಆಗ್ರಿ, ಕೋಳಿ ಸಮಾಜದವರ ಗದ್ದೆ, ಉಪ್ಪಿನ ಆಗರಗಳು ಹೋದವು. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಆ ಹೋರಾಟದ ಫಲವಾಗಿ ಜಮೀನು ಕಳೆದುಕೊಂಡವರಿಗೆ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿ ಹಿಂದಿರುಗಿಸುವ ಯೋಜನೆ ಬಂತು. ಅದು ಕೈಗೆ ಬರುವಷ್ಟರಲ್ಲಿ ಕುಟುಂಬ ಬೆಳೆದಿತ್ತು, ಮಕ್ಕಳಿಗೆ ಮದುವೆಯಾಗಿತ್ತು. ಗಾಂವ್‌ಠಾಣ್‌ನ ಹಳೆ ಮನೆಯ ಮೇಲೆ ಮಾಳಿಗೆ ಬಂತು, ಪಕ್ಕದಲ್ಲಿ ಖೋಲಿ ಬಂತು, ಆ ಖೋಲಿ ಬಾಡಿಗೆಗೆ ಹೋಯಿತು. ಜಮೀನಿಲ್ಲದವನಿಗೆ ಬಾಡಿಗೆಯೇ ಬೆಳೆ. ಮರಾಠಿಯಲ್ಲಿ ಇವನ್ನು 'ಗರಜೇಪೋಟಿ' ಅಂದರೆ ಅಗತ್ಯಕ್ಕಾಗಿ ಕಟ್ಟಿದ ಮನೆಗಳು ಎನ್ನುತ್ತಾರೆ. ಹಲವಕ್ಕೆ ಮಂಜೂರಾದ ನಕ್ಷೆ ಇಲ್ಲ. ಅಜ್ಜನ ಹೆಸರಿನಲ್ಲಿದ್ದ ಹಳೆ ಮೀಟರಿನಿಂದಲೇ ಮೇಲಿನ ಎಲ್ಲ ಖೋಲಿಗಳಿಗೆ ತಂತಿ ಎಳೆದು, ಅಂಗಡಿಯಿಂದ ತಂದ ಸಬ್ ಮೀಟರ್ ಹೊಡೆದರೆ ಕೆಲಸ ಮುಗಿಯಿತು.

ಪ್ರತ್ಯೇಕ ಮೀಟರ್ ತೆಗೆದುಕೊಳ್ಳಿ ಎಂದರೆ ಮಾಲಕರು ಹಿಂಜರಿಯುವುದು ಖರ್ಚಿಗಾಗಿ ಅಲ್ಲ. ಕಾಗದಪತ್ರ ಕೆದಕಿದರೆ ಕಟ್ಟಡದ ಮೇಲೆ ನೋಟಿಸು ಬಂದೀತೆಂಬ ಭಯ ಒಂದು. ಬಾಡಿಗೆದಾರನ ಹೆಸರಿನಲ್ಲಿ ಬಿಲ್ಲು ಬಂದರೆ ನಾಳೆ ಆತ ಖೋಲಿ ತನ್ನದೇ ಎಂದು ಕುಳಿತಾನೆಂಬ ಭಯ ಇನ್ನೊಂದು. ಮುಂಬಯಿಯ ಪಗಡಿ ಚಾಳ್‌ಗಳ ಕಥೆ ಕೇಳಿದವರಿಗೆ ಈ ಎರಡನೆಯ ಭಯ ಇರುವುದು ಸಹಜವೇ. ಆದರೆ ಲೈಟ್ ಬಿಲ್ಲು ಮಾಲಕತ್ವದ ದಾಖಲೆಯಲ್ಲ, ಮೀಟರ್ ಬಂದ ಮಾತ್ರಕ್ಕೆ ಅನಧಿಕೃತ ಕಟ್ಟಡ ಅಧಿಕೃತವಾಗುವುದೂ ಇಲ್ಲ. ಮಾಲಕರಿಗೆ ನಿಜವಾದ ರಕ್ಷಣೆ ನೋಂದಾಯಿತ ಲೀವ್ ಆಂಡ್ ಲೈಸೆನ್ಸ್ ಕರಾರು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರ 55ನೇ ಕಲಮಿನ ಪ್ರಕಾರ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಅದನ್ನು ಮಾಡಿಸುವ ಹೊಣೆ ಮಾಲಕನದೇ. ಕರಾರು ಇಲ್ಲದಿದ್ದರೆ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಸುಳ್ಳೆಂದು ರುಜುವಾತಾಗುವ ತನಕ. ಚೀಟಿಯ ಮೇಲೆ ವ್ಯವಹಾರ ನಡೆಸುವ ಮಾಲಕರಿಗೆ ಈ ಕಲಮು ಓದಿ ಹೇಳುವವರು ಬೇಕು.

ಕಾನೂನು ಯಾರ ಕಡೆ?

ವಿದ್ಯುತ್ ಕಾಯಿದೆ 2003ರ 43ನೇ ಕಲಮು ವಿದ್ಯುತ್ ಕೇಳುವ ಹಕ್ಕನ್ನು ಮನೆಯ ಒಡೆಯನಿಗೆ ಮಾತ್ರ ಕೊಟ್ಟಿಲ್ಲ. 'ಒಡೆಯ ಅಥವಾ ವಾಸವಿರುವವ' ಅರ್ಜಿ ಹಾಕಿದರೆ ವಿತರಣ ಕಂಪನಿ ಸಂಪರ್ಕ ಕೊಡತಕ್ಕದ್ದು ಎನ್ನುತ್ತದೆ. ಮಾಲಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರ ಅಲ್ಲಿ ವಾಸವಿದ್ದಾನೆಯೇ ಎಂಬುದನ್ನಷ್ಟೇ ನೋಡಬೇಕು ಎಂದು ಸುಪ್ರೀಂ ಕೋರ್ಟು 2022ರ ಮೇಯಲ್ಲಿ ಸ್ಪಷ್ಟಪಡಿಸಿದೆ. ಕೇಂದ್ರ ಸರಕಾರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯಂತೆ ಹೊಸ ಸಂಪರ್ಕಕ್ಕೆ ಗರಿಷ್ಠ ಅವಧಿ ಮಹಾನಗರಗಳಲ್ಲಿ 3 ದಿನ, ಇತರ ಪುರಸಭಾ ಪ್ರದೇಶಗಳಲ್ಲಿ 7 ದಿನ. ಹೊಸದಾಗಿ ಲೈನ್ ಎಳೆಯಬೇಕಾದಲ್ಲಿ ಮಾತು ಬೇರೆ.

ಕಾನೂನು ಕಡೆಗಿದೆ ಎಂದಾಕ್ಷಣ ಅರ್ಜಿ ಹಿಡಿದು ಓಡುವುದು ಜಾಣತನವೇ ಎಂಬುದು ಬೇರೆ ಪ್ರಶ್ನೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರಿಗೆ ಮಾಲಕನ ಜೊತೆ ಕೋರ್ಟು ಹತ್ತುವ ಶಕ್ತಿ ಎಲ್ಲಿದೆ? ಅದಕ್ಕಿಂತ ನಡುವಿನ ದಾರಿಯೊಂದಿದೆ. ಮೀಟರ್ ಮಾಲಕನ ಹೆಸರಿನಲ್ಲೇ ಇರಲಿ, ಆದರೆ ಖೋಲಿಗೊಂದು ಇರಲಿ. ಪ್ರತ್ಯೇಕ ಬಾಗಿಲು, ಪ್ರತ್ಯೇಕ ಅಡುಗೆ, ಪ್ರತ್ಯೇಕ ವೈರಿಂಗ್ ಇದ್ದು ಅದು ಬೇರೆಯೇ ವಾಸದ ಜಾಗವೆಂದು ಸ್ಥಳ ಪರಿಶೀಲನೆಗೆ ಬಂದವರಿಗೆ ಕಾಣಬೇಕು, ಅಷ್ಟೆ. ಒಂದೇ ಮನೆಯನ್ನು ಅಗ್ಗದ ದರಕ್ಕಾಗಿ ಎರಡೆಂದು ತೋರಿಸುವ ಆಟ ನಡೆಯದು. ಹೀಗೆ ಮಾಡಿದರೆ ಮಾಲಕನ ಭಯವೂ ಕಡಿಮೆ, ಪ್ರತಿ ಖೋಲಿಗೂ ಮೊದಲ ನೂರು ಯೂನಿಟ್ ಅಗ್ಗದಲ್ಲಿ. ನೋಟ್‌ಬುಕ್ ಹಿಡಿದು ಓಣಿ ಸುತ್ತುವ ಕೆಲಸವೂ ತಪ್ಪುತ್ತದೆ.

ದಿಲ್ಲಿಯಲ್ಲಿ 2019ರಲ್ಲಿ ಬಾಡಿಗೆದಾರರಿಗೆಂದೇ ಪ್ರೀಪೇಯ್ಡ್ ಮೀಟರ್ ಯೋಜನೆ ತಂದು, ಮಾಲಕನ ಒಪ್ಪಿಗೆ ಪತ್ರವಿಲ್ಲದೆ ಬಾಡಿಗೆ ಕರಾರಿನ ಆಧಾರದಲ್ಲಿ ಸಂಪರ್ಕ ಪಡೆಯುವ ಅವಕಾಶ ಕಲ್ಪಿಸಿದರು.

ಸಾಗರದಾಚೆಯೂ ಇದೇ ತಕರಾರು ಇದೆ ಎಂದರೆ ನಮ್ಮವರಿಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ 'ಮೊಬೈಲ್ ಹೋಮ್ ಪಾರ್ಕ್' ಎಂಬ ವಸತಿಗಳಿವೆ. ಕಾರ್ಖಾನೆಯಲ್ಲಿ ತಯಾರಾದ ಮನೆ ನಿವಾಸಿಯದು, ಅದು ನಿಂತಿರುವ ನೆಲ ಮಾತ್ರ ಪಾರ್ಕ್ ಮಾಲಕನದು. ನೆಲಬಾಡಿಗೆ ಕೊಡುತ್ತ ಇರಬೇಕು. ಹಳೆಯ ಪಾರ್ಕುಗಳಲ್ಲಿ ವಿದ್ಯುತ್, ಗ್ಯಾಸಿನ ಮುಖ್ಯ ಮೀಟರ್ ಮಾಲಕನ ಹೆಸರಿನಲ್ಲಿ, ಒಳಗಿನ ಮನೆಗಳಿಗೆ ಸಬ್ ಮೀಟರ್. ನಮ್ಮ ಗಾಂವ್‌ಠಾಣ್‌ನ ಚಾಳಿನ ದೊಡ್ಡಣ್ಣ ಎನ್ನಬಹುದು. ಕ್ಯಾಲಿಫೋರ್ನಿಯಾ ರಾಜ್ಯದ ಕಾಯಿದೆ ಅಲ್ಲಿ ಒಂದು ಗೆರೆ ಎಳೆದಿದೆ: ನಿವಾಸಿ ನೇರವಾಗಿ ಕಂಪನಿಯ ಗ್ರಾಹಕನಾಗಿದ್ದರೆ ಯಾವ ದರ ಬೀಳುತ್ತಿತ್ತೋ ಅದೇ ದರವನ್ನು ಮಾಲಕ ಹಾಕಬೇಕು. ಒಳಗಿನ ತಂತಿ, ಮೀಟರ್ ನೋಡಿಕೊಳ್ಳುವ ಖರ್ಚಿಗೆಂದು ಮಾಲಕನಿಗೆ ಕಂಪನಿಯೇ ರಿಯಾಯಿತಿ ಕೊಡುತ್ತದೆ. 1997ರಿಂದ ಹೊಸ ಪಾರ್ಕುಗಳಲ್ಲಿ ಇಂಥ ಏರ್ಪಾಡಿಗೆ ಅವಕಾಶವಿಲ್ಲ, ಹಳೆಯವನ್ನು ನೇರ ಮೀಟರಿಗೆ ಬದಲಾಯಿಸುವ ಕಾರ್ಯಕ್ರಮ 2015ರಲ್ಲಿ ಶುರುವಾಯಿತು. ಸಬ್ ಮೀಟರಿನ ಹಿಂದೆ ಇರುವವನಿಗೂ ಸಾಮಾನ್ಯ ಗ್ರಾಹಕನ ಮೆಟ್ಟಿಲೇ ಸಿಗಬೇಕೆಂಬ ಆ ಗೆರೆ ಐರೋಲಿಯ ಚೀಟಿಗಳಿಗೂ ಬಂದರೆ ಎಷ್ಟು ಮನೆಗಳ ಉಸಿರು ಸಡಿಲಾದೀತು!

ಬ್ಲೌಸ್ ಹೊಲಿಯುವವರು ನೋಡಿಕೊಳ್ಳಬೇಕಾದದ್ದು

ಮನೆಯಲ್ಲೇ ಹೊಲಿಗೆ, ಹಪ್ಪಳ, ಡಬ್ಬಾ ಊಟ ಮಾಡಿ ಸಂಸಾರಕ್ಕೆ ಆಸರೆಯಾದ ಮಹಿಳೆಯರು ಸಂಘದ ಮಹಿಳಾ ವಿಭಾಗದಲ್ಲೇ ಎಷ್ಟೋ ಮಂದಿ ಇದ್ದಾರೆ. ಮನೆಯ ಒಂದು ಭಾಗದಲ್ಲಿ ಇಂಥ ಕಸುಬು ನಡೆಸಿದರೂ ಮನೆಬಳಕೆಯ ದರವೇ ಅನ್ವಯವಾಗುವ ರಿಯಾಯಿತಿ ಮಹಾವಿತರಣ್‌ನ ದರಪಟ್ಟಿಯಲ್ಲಿ ಇದೆ. ಷರತ್ತು ಏನೆಂದರೆ ಬಳಕೆ ತಿಂಗಳಿಗೆ 300 ಯೂನಿಟ್, ಹಿಂದಿನ ಆರ್ಥಿಕ ವರ್ಷದಲ್ಲಿ 3,600 ಯೂನಿಟ್ ಮೀರಿರಬಾರದು. ಸ್ವಂತ ಮೀಟರಿನಲ್ಲಿ 90 ಯೂನಿಟ್ ಓಡಿಸುವ ಹೊಲಿಗೆಯಾಕೆಗೆ ಇದು ಚಿಂತೆಯೇ ಅಲ್ಲ. ಆದರೆ ಎಂಟು ಖೋಲಿಯ ಸಾಮೂಹಿಕ ಮೀಟರ್ 720 ತೋರಿಸುವಾಗ ಈ ರಿಯಾಯಿತಿಯ ಬಾಗಿಲು ಮುಚ್ಚಿರುತ್ತದೆ. ತಪಾಸಣೆಯವರು ಬಂದು ಅನಧಿಕೃತ ಬಳಕೆ ಎಂದು ಬರೆದರೆ ಕಾಯಿದೆಯ 126ನೇ ಕಲಮಿನಡಿ ಆಯಾ ವರ್ಗದ ದರದ ಎರಡು ಪಟ್ಟು ಲೆಕ್ಕ ಹಾಕಬಹುದು. ಬಿಲ್ಲು ಮಾಲಕನಿಗೆ, ಮಾಲಕನ ಕೋಪ ಹೊಲಿಗೆ ಯಂತ್ರದ ಮೇಲೆ. ಕುಂದಾಪುರದ ಆ ಮನೆಯಾಕೆಗೆ ಲೈಟ್ ಬಿಲ್ಲಿನ ಜಗಳದಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಈ ವಿಷಯವೇ.

ಸಬ್ ಮೀಟರ್ ಸರಿ ಇದೆಯೇ?

ಮುಖ್ಯ ಮೀಟರಿಗೆ ಮಹಾವಿತರಣ್‌ನ ಸೀಲು ಇರುತ್ತದೆ. ಸಬ್ ಮೀಟರ್ ಮಾಲಕನ ಖಾಸಗಿ ಸೊತ್ತು, ಅದನ್ನು ಪರೀಕ್ಷಿಸಲು ಯಾರೂ ಬರುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೊದಲು ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು ಸಬ್ ಮೀಟರಿನ ಕೆಂಪು ದೀಪ ನೋಡಬೇಕು. ಆಗಲೂ ಅದು ಮಿಟುಕುತ್ತಿದ್ದರೆ ಮೆಟ್ಟಿಲಿನ ದೀಪವೋ ಪಕ್ಕದವರ ಫ್ಯಾನೋ ನಿಮ್ಮ ಲೆಕ್ಕದಲ್ಲಿ ಓಡುತ್ತಿದೆ ಅಥವಾ ಎಲ್ಲೋ ಸೋರಿಕೆ ಇದೆ ಎಂದು ತಿಳಿಯಬೇಕು. ಬಳಿಕ ನೀರು ಕಾಯಿಸುವ 1,000 ವ್ಯಾಟಿನ ರಾಡ್ ಒಂದನ್ನೇ ಒಂದು ಗಂಟೆ ಹಚ್ಚಿದರೆ ಮೀಟರ್ ಒಂದು ಯೂನಿಟ್ ಏರಬೇಕು. ವೋಲ್ಟೇಜ್ ಕಡಿಮೆಯಿದ್ದರೆ ಒಂದಕ್ಕಿಂತ ಸ್ವಲ್ಪ ಕಡಿಮೆ ತೋರಿಸಬಹುದು. ಒಂದೂಕಾಲು, ಒಂದೂವರೆ ತೋರಿಸಿದರೆ ಮಾತ್ರ ಮಾತಾಡಬೇಕಾದ ಸಂಗತಿ. ಇಸ್ತ್ರಿಪೆಟ್ಟಿಗೆಯಿಂದ ಈ ಪರೀಕ್ಷೆ ಬೇಡ, ಅದು ಕಾದ ಮೇಲೆ ತಾನೇ ಆರಿ ಹತ್ತುತ್ತಿರುತ್ತದೆ. ರಾಡ್ ಹಚ್ಚಿದ ಬಕೆಟ್ಟಿನ ಹತ್ತಿರ ಮಕ್ಕಳನ್ನು ಬಿಡಬಾರದೆಂದು ಬೇರೆ ಹೇಳಬೇಕಿಲ್ಲ.

ಎಂಟು ಸಬ್ ಮೀಟರ್‌ಗಳ ಯೂನಿಟ್ ಕೂಡಿಸಿದರೆ ಮುಖ್ಯ ಮೀಟರಿನ ಅಂಕಿಗಿಂತ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ನಡುವಿನ ಅಂತರ ನೀರಿನ ಪಂಪು, ಓಣಿಯ ದೀಪ, ತಂತಿಯ ನಷ್ಟ. ಅದನ್ನು ದರದೊಳಗೆ ಅಡಗಿಸದೆ 'ಪಂಪು' ಎಂದು ಬೇರೆಯೇ ಬರೆದು ಎಂಟು ಪಾಲು ಮಾಡುವುದು ನೇರ ದಾರಿ. ಉಳಿದ ಮೊತ್ತವನ್ನು ಖೋಲಿಗಳ ಒಟ್ಟು ಯೂನಿಟ್‌ನಿಂದ ಭಾಗಿಸಿ ಬಂದದ್ದೇ ಆ ತಿಂಗಳ ದರ. ತಿಂಗಳು ತಿಂಗಳು ಅದು ಬದಲಾಗುತ್ತದೆ, ಬದಲಾಗಬೇಕು ಕೂಡ. ವರ್ಷಪೂರ್ತಿ ಒಂದೇ ದರ ಎಂದರೆ ಅದು ಲೆಕ್ಕವಲ್ಲ, ಅಂದಾಜು.

ಬಿಲ್ಲಿನಲ್ಲಿ ಒಂದು ಸಾಲಿನ ಮೇಲೆ ಕಣ್ಣಿಡಬೇಕು. ಆರ್ಥಿಕ ವರ್ಷ ಮುಗಿದ ಬಳಿಕ ಹಿಂದಿನ ವರ್ಷದ ಬಳಕೆ ನೋಡಿ 'ಹೆಚ್ಚುವರಿ ಸುರಕ್ಷಾ ಠೇವಣಿ' ಕೇಳುವ ಬಿಲ್ಲು ಬರುತ್ತದೆ. ಇದು ಬಳಸಿದ ವಿದ್ಯುತ್ತಿನ ಬೆಲೆ ಅಲ್ಲ, ಮಾಲಕನ ಖಾತೆಯಲ್ಲಿ ಉಳಿಯುವ ಇಡುಗಂಟು. ಕಾಯಿದೆಯ 47ನೇ ಕಲಮಿನ ಪ್ರಕಾರ ಕಂಪನಿ ಇದಕ್ಕೆ ಬಡ್ಡಿ ಕೊಡಬೇಕು. ಬಾಡಿಗೆದಾರರಿಂದ ಇದನ್ನೂ ಪಾಲು ಹಾಕಿ ವಸೂಲು ಮಾಡಿದರೆ ಅಸಲು ಬಾಡಿಗೆದಾರನದು, ಬಡ್ಡಿ ಮಾಲಕನದು ಎಂಬಂತಾಗುತ್ತದೆ. ಬ್ಯಾಂಕಿನಲ್ಲಿ ಯಾರಾದರೂ ಇಂಥ ಎಫ್.ಡಿ. ಇಡುತ್ತಾರೆಯೇ?

ಕೊಟ್ಟರೂ ಕತ್ತಲೆ

ಎಲ್ಲಕ್ಕಿಂತ ಕಠಿಣವಾದ ಪರಿಸ್ಥಿತಿ ಬೇರೊಂದಿದೆ. ಬಾಡಿಗೆದಾರರು ತಪ್ಪದೆ ಹಣ ಕೊಟ್ಟಿರುತ್ತಾರೆ, ಮಾಲಕ ಕಂಪನಿಗೆ ಕಟ್ಟಿರುವುದಿಲ್ಲ. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟಿಸು ಕೊಡಬೇಕೆಂದು 56ನೇ ಕಲಮು ಹೇಳುತ್ತದೆ. ಆದರೆ ನೋಟಿಸು ಹೋಗುವುದು ಗ್ರಾಹಕನಿಗೆ, ಅಂದರೆ ಮಾಲಕನಿಗೆ. ಒಳಗಿರುವ ಎಂಟು ಸಂಸಾರಗಳಿಗೆ ಸುದ್ದಿ ತಿಳಿಯುವುದು ಲೈನ್‌ಮನ್ ಏಣಿ ಇಟ್ಟ ಮೇಲೆಯೇ. ಮಾಲಕನೇ ಸಿಟ್ಟಿನಿಂದ ಫ್ಯೂಸ್ ಕಿತ್ತರೆ ಬಾಡಿಗೆ ಕಾಯಿದೆಯ 29ನೇ ಕಲಮು ರಕ್ಷಣೆಗೆ ಇದೆ. ನೀರು, ವಿದ್ಯುತ್ತಿನಂಥ ಅಗತ್ಯ ಸೇವೆಯನ್ನು ಸರಿಯಾದ ಕಾರಣವಿಲ್ಲದೆ ಮಾಲಕ ತಡೆಯುವಂತಿಲ್ಲ. ಕಂಪನಿಯೇ ಬಾಕಿಗಾಗಿ ಕಡಿದರೆ ಕೂಡಲೇ ಉಪಾಯ ಕಡಿಮೆ.

ಆದ್ದರಿಂದ ಮುಖ್ಯ ಮೀಟರಿನ 12 ಅಂಕಿಯ ಗ್ರಾಹಕ ಸಂಖ್ಯೆಯನ್ನೂ ನಾಲ್ಕು ಅಂಕಿಯ ಬಿಲ್ಲಿಂಗ್ ಯೂನಿಟ್ ಸಂಖ್ಯೆಯನ್ನೂ ಹೇಗಾದರೂ ತಿಳಿದುಕೊಂಡಿರಬೇಕು. ಇವೆರಡು ಇದ್ದರೆ ಮಹಾವಿತರಣ್‌ನ ಆನ್‌ಲೈನ್ ಪಾವತಿ ಪುಟದಲ್ಲಿ ಬಿಲ್ಲೆಷ್ಟು, ಬಾಕಿಯೆಷ್ಟು ಎಂದು ಮಾಲಕನನ್ನು ಕೇಳದೆಯೇ ನೋಡಬಹುದು. ಎಂಟು ಮನೆಯವರು ಕೂಡಿ ಅಲ್ಲಿಯೇ ನೇರವಾಗಿ ಕಟ್ಟಿ, ರಸೀದಿ ತೆಗೆದು ಮಾಲಕನಿಗೆ ಪ್ರತಿ ಕೊಡುವ ಪದ್ಧತಿಗೂ ಅಡ್ಡಿಯಿಲ್ಲ, ಮಾಲಕನ ಸಮ್ಮತಿ ಬರಹದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಚೀಟಿಗೆ ನಗದು ಎಣಿಸಿ ಕೊಡುವ ಬದಲು ಯು.ಪಿ.ಐ.ಯಲ್ಲಿ 'ಲೈಟ್ ಬಿಲ್, ಇಂಥ ತಿಂಗಳು' ಎಂದು ಬರೆದು ಕಳುಹಿಸಿದರೂ ನಾಳೆಗೊಂದು ಸಾಕ್ಷಿ.

ಕುಂದಾಪುರದವರ ಖೋಲಿಯಲ್ಲಿ ಮಾತು ಹೇಗೆ ಮುಂದುವರಿಯಿತೆಂದರೆ, ಜಗಳದ ಬದಲು ಮಗಳು ಒಂದು ಹಾಳೆಯಲ್ಲಿ ಮೇಲಿನ ಎಂಟು ಮೀಟರಿನ ಲೆಕ್ಕವನ್ನು ಮರಾಠಿಯಲ್ಲಿ ಬರೆದಳು. ಪರೀಕ್ಷೆ ಮುಗಿದ ಮೇಲೆ ತಂದೆ ಅದನ್ನು ಮಾಲಕರಿಗೆ ಕೊಟ್ಟರು. 'ನೀವು ಕಳ್ಳರಲ್ಲ, ನಿಮಗೇ ನಷ್ಟ' ಎಂಬ ಸಾಲಿನಿಂದ ಶುರುವಾಗುವ ಹಾಳೆಯನ್ನು ಯಾರು ತಾನೇ ಹರಿದು ಹಾಕುತ್ತಾರೆ? ಮೇಲಿನ ಮಾಳಿಗೆಯ ನಾಲ್ಕು ಖೋಲಿಗಳಿಗೆ ತಮ್ಮದೇ ಹೆಸರಿನಲ್ಲಿ ಮೀಟರ್ ಕೇಳುವುದಕ್ಕೆ ಅವರು ಒಪ್ಪಿದ್ದಾರೆ. ಕೆಳಗಿನ ನಾಲ್ಕರ ಮಾತು ಆಮೇಲೆ ಎಂದಿದ್ದಾರೆ. ಕುಂದಾಪುರದವರದು ಕೆಳಗಿನ ಖೋಲಿ. ಆದರೂ ಮೇಲಿನ ನಾಲ್ಕು ಹೊರಬಿದ್ದರೆ ಕೆಳಗೆ ಉಳಿಯುವುದು 360 ಯೂನಿಟ್. ಬಿಲ್ಲೇ ಯೂನಿಟ್‌ಗೆ ಹನ್ನೆರಡು-ಹದಿಮೂರಕ್ಕೆ ಇಳಿಯುತ್ತದೆ. ಚೀಟಿಯ ದರವೂ ಇಳಿಯುವುದೇ ಎಂಬುದನ್ನು ನೋಡಬೇಕು.

ಹೊಸ ಸಂಪರ್ಕಕ್ಕೆ ಎ-1 ನಮೂನೆಯ ಅರ್ಜಿ, ಗುರುತಿನ ದಾಖಲೆ, ಜಾಗದ ದಾಖಲೆ ಅಥವಾ ಬಾಡಿಗೆದಾರನಾದರೆ ನೋಂದಾಯಿತ ಕರಾರು, ಪರವಾನಿಗೆಯುಳ್ಳ ಎಲೆಕ್ಟ್ರಿಶಿಯನ್ ಕೊಟ್ಟ ವೈರಿಂಗ್ ಪರೀಕ್ಷಾ ವರದಿ ಬೇಕು. ಅರ್ಜಿಯನ್ನು ಆನ್‌ಲೈನಿನಲ್ಲೂ ಹಾಕಬಹುದು. ಮಾಹಿತಿಗೆ 1912. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು ಭಾಂಡುಪ್‌ನಲ್ಲಿರುವ ಗ್ರಾಹಕ ತಕರಾರು ನಿವಾರಣಾ ವೇದಿಕೆಗೂ, ಅಲ್ಲಿ ಸಮಾಧಾನವಾಗದಿದ್ದರೆ ಮುಂಬಯಿಯ ವಿದ್ಯುತ್ ಲೋಕಪಾಲರಿಗೂ ಮೊರೆಹೋಗಬಹುದು. ಇಲ್ಲಿ ವಕೀಲರೇ ಬೇಕೆಂದಿಲ್ಲ. ಮೀಟರ್ ಬಾಡಿಗೆದಾರರ ಹೆಸರಿನಲ್ಲೇ ಇದ್ದರೆ ಖೋಲಿ ಬಿಡುವ ದಿನ ಕೊನೆಯ ಅಂಕಿಯ ಫೋಟೊ ತೆಗೆದು, ಸಂಪರ್ಕ ಕಾಯಂ ಆಗಿ ನಿಲ್ಲಿಸಲು ಅಥವಾ ಹೆಸರು ಬದಲಿಸಲು ಅರ್ಜಿ ಕೊಟ್ಟೇ ಹೊರಡಬೇಕು. ಇಲ್ಲವಾದರೆ ಮುಂದೆ ಬರುವವರ ಬಿಲ್ಲು ಊರಿಗೆ ಹೋದ ಮೇಲೂ ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತದೆ, ಠೇವಣಿಯೂ ಅಲ್ಲೇ ಉಳಿಯುತ್ತದೆ.